ನಮ್ಮ ಜೋಡಿ ಕಥೆಗಳು ಅವರಿಗೂ ಗೊತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಯಾನ್ ಫಿಕ್ಷನ್, ಅಂದರೆ ಮೆಚ್ಚಿದ ಸಿನಿಮಾ-ಧಾರಾವಾಹಿಯ ಪಾತ್ರಗಳ ಮೇಲೆ ಅಭಿಮಾನಿ ಕಥೆ, ಬರೆಯಲು ಶುರು ಮಾಡಿದವರಿಗೆ ಮೊದಲ ವಾರ ಖುಷಿ, ಎರಡನೇ ವಾರ ಭಯ. 'ಇದನ್ನ ಅವರೇ ಓದಿಬಿಟ್ರೆ?' ಅವರು ಅಂದರೆ ಪರದೆ ಮೇಲೆ ಆ ಪಾತ್ರ ಮಾಡಿದ ನಟ-ನಟಿಯರು. ಹನ್ನೆರಡು ವರ್ಷದಿಂದ ಬರೆಯುತ್ತಿದ್ದೇನೆ, ನನಗೂ ಆ ಭಯ ಪೂರ್ತಿ ಹೋಗಿಲ್ಲ. ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಆಗಿರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಎಲ್ಲ ಇಲ್ಲೇ ಇದೆ, ಓದಿಕೊಳ್ಳಿ.

ಮೊದಲು ಪದಗಳ ಅರ್ಥ ಹೇಳಿ. ಶಿಪ್ಪಿಂಗ್ ಅಂದ್ರೆ ಏನು?

ಹಡಗಿಗೂ ಇದಕ್ಕೂ ಸಂಬಂಧ ಇಲ್ಲ. ಎರಡು ಪಾತ್ರಗಳು ಜೋಡಿಯಾಗಲಿ ಅಂತ ಬಯಸುವುದೇ ಶಿಪ್ಪಿಂಗ್. ರಿಲೇಶನ್‌ಶಿಪ್ ಅನ್ನುವ ಪದದಲ್ಲಿ ಬಾಲ ಮಾತ್ರ ಉಳಿದದ್ದು. 1993ರಲ್ಲಿ ಶುರುವಾದ 'ದಿ ಎಕ್ಸ್-ಫೈಲ್ಸ್' ಧಾರಾವಾಹಿಯ ಮಲ್ಡರ್ ಮತ್ತು ಸ್ಕಲಿ ಒಂದಾಗಲೇಬೇಕು ಎಂದು ಹಟ ಹಿಡಿದವರು ತಮ್ಮನ್ನು ರಿಲೇಶನ್‌ಶಿಪ್ಪರ್ ಎಂದು ಕರೆದುಕೊಂಡರು. ಬಾಯಲ್ಲಿ ಸವೆದು ಸವೆದು ಅದು ಶಿಪ್ಪರ್ ಆಯಿತು. ಪ್ರೀತಿ-ಗೀತಿ ಏನೂ ಬೇಡ ಎನ್ನುವವರಿಗೆ ನೋರೋಮೋ ಎಂಬ ಹೆಸರಿತ್ತು. ಆ ಪದ ಈಗ ಯಾರಿಗೂ ನೆನಪಿಲ್ಲ, ಶಿಪ್ಪರ್ ಮಾತ್ರ ಎಲ್ಲರಿಗೂ ಗೊತ್ತು. ಯಾರು ಗೆದ್ದರು ಅಂತ ಅದರಲ್ಲೇ ತಿಳಿಯುತ್ತೆ.

ಫ್ಯಾನ್ ಫಿಕ್ಷನ್ ಅಂದರೆ ಇನ್ನೊಬ್ಬರ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿ ಬರೆಯುವ ಕಥೆ. ಮೂಲ ಕಥೆಯಲ್ಲಿ ನಡೆದದ್ದು ಕ್ಯಾನನ್. ಗಂಡು-ಗಂಡು ಅಥವಾ ಹೆಣ್ಣು-ಹೆಣ್ಣು ಜೋಡಿಯ ಕಥೆ ಸ್ಲ್ಯಾಶ್. ಪಾತ್ರವನ್ನು ಬಿಟ್ಟು ನಟನನ್ನೇ, ಗಾಯಕಿಯನ್ನೇ ಕಥೆಯೊಳಗೆ ಎಳೆದು ತಂದರೆ ಆರ್‌ಪಿಎಫ್. ಈ ಕೊನೆಯದರ ಲೆಕ್ಕವೇ ಬೇರೆ, ಮುಂದೆ ಬರುತ್ತೆ.

ನಟರಿಗೆ ನಿಜವಾಗ್ಲೂ ಗೊತ್ತಿರುತ್ತಾ?

ಗೊತ್ತಿರುತ್ತೆ. ಇವತ್ತು ಗೊತ್ತಿಲ್ಲದೆ ಇರೋದೇ ಕಷ್ಟ. ಹೆಸರು ಹುಡುಕಿದರೆ ಕಣ್ಣಿಗೆ ಬೀಳುತ್ತೆ. ಯಾರೋ ಟ್ಯಾಗ್ ಮಾಡಿರುತ್ತಾರೆ. ಸಂದರ್ಶನಕ್ಕೆ ಬಂದವರು ಫೋನ್ ಮುಂದೆ ಹಿಡಿದು 'ಇದನ್ನ ನೋಡಿದೀರಾ?' ಅನ್ನುತ್ತಾರೆ. ಜೊತೆ ನಟರೇ ತಮಾಷೆಗೆ ಕಳಿಸುತ್ತಾರೆ.

ಇಂಟರ್ನೆಟ್ ಇಲ್ಲದ ಕಾಲದಲ್ಲೂ ಗೊತ್ತಾಗುತ್ತಿತ್ತು. 1967ರಲ್ಲಿ 'ಸ್ಟಾರ್ ಟ್ರೆಕ್' ಅಭಿಮಾನಿಗಳು 'ಸ್ಪಾಕನೇಲಿಯಾ' ಎಂಬ ಕೈಪತ್ರಿಕೆ ತಂದರು. ನಮ್ಮ ಹಿರಿಯರು ಸೈಕ್ಲೋಸ್ಟೈಲ್ ಅನ್ನುತ್ತಿದ್ದರಲ್ಲ, ಆ ಥರದ್ದು. ಸ್ಪಾಕ್ ಪಾತ್ರ ಮಾಡಿದ್ದ ಲಿಯೊನಾರ್ಡ್ ನಿಮೋಯ್ ಅವರ ಕಾಗದವೂ ಅದರಲ್ಲಿ ಅಚ್ಚಾಯಿತು. ಅಂದರೆ ಅಭಿಮಾನಿ ಬರಹವೂ ನಟರ ಮಾತೂ ಮೊದಲಿನಿಂದಲೇ ಒಂದೇ ಕಾಗದದ ಮೇಲೆ ಇದ್ದವು.

ಜೋಡಿ ಕಥೆ ಮಾತ್ರ ಕದ್ದುಮುಚ್ಚಿ ನಡೆಯುತ್ತಿತ್ತು. ಅದೇ ಸರಣಿಯ ನಾಯಕ ಕರ್ಕ್ ಮತ್ತು ಸ್ಪಾಕ್ ಪ್ರೇಮಿಗಳಾಗಿ ಅಚ್ಚಾದ ಮೊದಲ ಕಥೆ ಎಂದು ಎಲ್ಲರೂ ಹೇಳುವುದು 1974ರಲ್ಲಿ 'ಗ್ರಪ್' ಎಂಬ ಕೈಪತ್ರಿಕೆಯಲ್ಲಿ ಬಂದದ್ದನ್ನು. ಅದರಲ್ಲಿ ಇಬ್ಬರ ಹೆಸರೂ ಇಲ್ಲ. ಬರೀ ಸರ್ವನಾಮಗಳು. ಗೊತ್ತಿದ್ದವರಿಗೆ ಗೊತ್ತಾಗಲಿ ಅಂತ. ಐದೇ ವರ್ಷ ಕಳೆಯಿತು. 1979ರಲ್ಲಿ ಸರಣಿಯ ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿ ಸಿನಿಮಾದ ಕಾದಂಬರಿ ರೂಪದಲ್ಲಿ ಒಂದು ಅಡಿಟಿಪ್ಪಣಿ ಹಾಕಿದರು. ತಾವಿಬ್ಬರೂ ಪ್ರೇಮಿಗಳು ಎಂಬ ಗಾಳಿಸುದ್ದಿಗೆ ಸ್ವತಃ ಕರ್ಕ್ ಅಲ್ಲಿ ಉತ್ತರ ಕೊಡುತ್ತಾನೆ. ಇಲ್ಲ ಅನ್ನುತ್ತಾನೆ, ಆದರೆ ಬಾಗಿಲು ಪೂರ್ತಿ ಹಾಕುವುದಿಲ್ಲ. 'ನಿಮ್ಮ ಕಥೆ ನಮಗೆ ತಲುಪಿದೆ' ಎಂಬ ಸುದ್ದಿ ಆ ಟಿಪ್ಪಣಿಯಲ್ಲೇ ಇತ್ತು.

ಇಷ್ಟಪಟ್ಟು, ಮನಸ್ಸು ಬಿಚ್ಚಿ ಒಪ್ಪಿಕೊಂಡವರು ಯಾರಾದರೂ ಇದ್ದಾರಾ?

ಇದ್ದಾರೆ. ನನಗೆ ಮೊದಲು ನೆನಪಾಗುವುದು ಲೂಸಿ ಲಾಲೆಸ್. 1995ರಿಂದ 2001ರವರೆಗೆ ನಡೆದ 'ಝೀನಾ' ಧಾರಾವಾಹಿಯಲ್ಲಿ ಝೀನಾ ಮತ್ತು ಗೇಬ್ರಿಯೆಲ್ ಗೆಳತಿಯರೋ ಅದಕ್ಕಿಂತ ಜಾಸ್ತಿಯೋ ಅನ್ನುವ ವಾದ ಮುಗಿಯುತ್ತಲೇ ಇರಲಿಲ್ಲ. ಕೊನೆಯ ಕಂತಿನಲ್ಲಿ ಗೇಬ್ರಿಯೆಲ್ ಬಾಯಿಂದ ಬಾಯಿಗೆ ನೀರು ಕೊಟ್ಟು ಝೀನಾಗೆ ಶಕ್ತಿ ತುಂಬುತ್ತಾಳೆ. ಆ ದೃಶ್ಯದ ನಂತರ ಅವರಿಬ್ಬರೂ ದಂಪತಿಗಳೇ ಎಂದು ತನಗೆ ಅನಿಸಿತು ಅಂತ ಲೂಸಿ 2003ರ ಒಂದು ಸಂದರ್ಶನದಲ್ಲಿ ಹೇಳಿದರು. ಅಭಿಮಾನಿಗಳಿಗೆ ಹಬ್ಬ. ಆ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಫ್ಯಾನ್ ಫಿಕ್ಷನ್ ಬರೆದೇ ಹೆಸರು ಮಾಡಿದ್ದ ಮೆಲಿಸಾ ಗುಡ್ ಅವರನ್ನು ಕರೆಸಿ ಕೊನೆಯ ಸೀಸನ್‌ಗೆ ಕಂತುಗಳನ್ನು ಬರೆಸಿತ್ತು.

ಮೈಕಲ್ ಶೀನ್ ಇನ್ನೊಬ್ಬರು. 2019ರಲ್ಲಿ ಬಂದ 'ಗುಡ್ ಓಮೆನ್ಸ್' ಸರಣಿಯಲ್ಲಿ ಅವರದು ದೇವದೂತ ಅಜಿರಾಫೇಲ್ ಪಾತ್ರ. ಈ ದೇವದೂತನಿಗೆ ರಾಕ್ಷಸ ಕ್ರೌಲಿ ಮೇಲೆ ಪ್ರೀತಿ ಇದೆ ಎಂದು ಮೊದಲೇ ತೀರ್ಮಾನಿಸಿಕೊಂಡು ನಟಿಸಿದ್ದಾಗಿ ಅವರು ಹೇಳಿದ್ದಾರೆ. ಇಲ್ಲಿ ಗಮನಿಸಿ. ಆ ಮಾತಿನಲ್ಲಿ ಅವರು 'ನಿಮ್ಮ ಕಥೆ ಚೆನ್ನಾಗಿದೆ' ಅಂತ ಬೆನ್ನು ತಟ್ಟಲಿಲ್ಲ. ತಮ್ಮ ಕೆಲಸದ ಬಗ್ಗೆ ಮಾತಾಡಿದರು, ಅಷ್ಟೇ. ನನ್ನ ಪ್ರಕಾರ ಅಭಿಮಾನಿಗೆ ಸಿಗಬಹುದಾದ ಅತಿ ಒಳ್ಳೆ ಉತ್ತರ ಇದೇ ಜಾತಿಯದ್ದು. ನಾವು ಪರದೆಯಲ್ಲಿ ಕಂಡದ್ದು ಸುಮ್ನೆ ನಮ್ಮ ಭ್ರಮೆ ಅಲ್ಲ, ಆ ಕಡೆಯಿಂದಲೂ ಯಾರೋ ಅದನ್ನು ಬೇಕಂತಲೇ ಇಟ್ಟಿದ್ದರು ಅಂತ ಗೊತ್ತಾಗುವುದು.

ನಟರೇ ಹೌದು ಅಂದ ಮೇಲೆ ಅದು ಕ್ಯಾನನ್ ಅಲ್ವಾ?

ಅಲ್ಲ. ಪಾತ್ರ ನಟರ ಸ್ವತ್ತಲ್ಲ. 'ಸ್ಟಾರ್ ವಾರ್ಸ್' ಸಿನಿಮಾಗಳ ಪೋ ಮತ್ತು ಫಿನ್ ಜೋಡಿಯನ್ನೇ ನೋಡಿ. ಈ ಜೋಡಿಯ ಮೊದಲ ಸಿನಿಮಾ ಬಂದ 2015ರಲ್ಲಿ, ಪೋ ಪಾತ್ರದ ಆಸ್ಕರ್ ಐಸಾಕ್ ಟಿವಿಯಲ್ಲಿ ಕೂತು ತಾನು ಪ್ರೇಮವನ್ನೇ ನಟಿಸುತ್ತಿದ್ದೆ ಅಂದರು. ಜನ ಹುಚ್ಚೆದ್ದು ಬರೆದರು. 2019ರ ಹೊತ್ತಿಗೆ ಅದೇ ಐಸಾಕ್, ಈ ಸಂಬಂಧ ಇನ್ನೂ ಮುಂದಕ್ಕೆ ಹೋಗಲಿ ಅಂತ ತನಗೂ ಆಸೆ ಇತ್ತು, ಆದರೆ ಅದು ತನ್ನ ಕೈಯಲ್ಲಿಲ್ಲ ಅಂದರು. ಸಿನಿಮಾದಲ್ಲಿ ಏನೂ ಆಗಲಿಲ್ಲ.

ಕೆಲವೊಮ್ಮೆ ಧಾರಾವಾಹಿಯೇ ಉತ್ತರ ಕೊಡುತ್ತೆ. 'ಸೂಪರ್‌ನ್ಯಾಚುರಲ್' 2009ರಲ್ಲೇ ತನ್ನ ಇಬ್ಬರು ನಾಯಕರಿಗೆ 'ನಿಮ್ಮ ಬಗ್ಗೆ ಜನ ಏನೇನು ಬರೆಯುತ್ತಿದ್ದಾರೆ ಗೊತ್ತಾ' ಅಂತ ತೋರಿಸಿ ಅವರ ಮುಖ ಕಿವುಚಿಸಿತ್ತು. 2014ರಲ್ಲಿ ಬಂದ 200ನೇ ಕಂತಿನ ಹೆಸರೇ 'ಫ್ಯಾನ್ ಫಿಕ್ಷನ್'. ಶಾಲೆ ಹುಡುಗಿಯರು ನಾಯಕರ ಕಥೆಯನ್ನು ಹಾಡು-ನಾಟಕ ಮಾಡುತ್ತಾರೆ. ನಾಯಕರಲ್ಲಿ ಒಬ್ಬನಾದ ಡೀನ್ ಮೊದಲು ಸಿಡಿಮಿಡಿ ಮಾಡುತ್ತಾನೆ. ಕೊನೆಗೆ, ನನ್ನ ಕಥೆ ನನಗೆ, ನಿನ್ನ ಕಥೆ ನಿನಗೆ ಅನ್ನುವ ಅರ್ಥದ ಮಾತಾಡಿ ಹೋಗುತ್ತಾನೆ. ಐದು ವರ್ಷದಲ್ಲಿ ಗೇಲಿ ಹೋಗಿ ಸಲಿಗೆ ಬಂದಿತ್ತು.

ಟಾಕ್ ಶೋಗಳಲ್ಲಿ ನಟರ ಕೈಲಿ ಫ್ಯಾನ್ ಫಿಕ್ಷನ್ ಓದಿಸ್ತಾರಲ್ಲ, ಅದು ತಮಾಷೆ ಅಲ್ವಾ? ಯಾಕೆ ಕೋಪ?

2013ರ ಡಿಸೆಂಬರ್. ಲಂಡನ್ನಿನಲ್ಲಿ 'ಶೆರ್ಲಾಕ್' ಮೂರನೇ ಸೀಸನ್ನಿನ ಮೊದಲ ಕಂತನ್ನು ಮುಂಚಿತವಾಗಿ ತೋರಿಸಿದರು. ಮುಗಿದ ಮೇಲೆ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಮತ್ತು ಮಾರ್ಟಿನ್ ಫ್ರೀಮನ್ ವೇದಿಕೆಗೆ ಬಂದರು. ಕಾರ್ಯಕ್ರಮ ನಡೆಸುತ್ತಿದ್ದ ಪತ್ರಕರ್ತೆ ಒಂದು ಫ್ಯಾನ್ ಫಿಕ್ಷನ್ನಿನ ಸಾಲುಗಳನ್ನು ಅವರ ಕೈಗೆ ಕೊಟ್ಟು ಜೋರಾಗಿ ಓದಿ ಅಂದರು. ಅವರಿಬ್ಬರ ಪಾತ್ರಗಳಾದ ಶೆರ್ಲಾಕ್ ಮತ್ತು ಜಾನ್ ನಡುವಿನ ಶೃಂಗಾರದ ಸಾಲುಗಳು. ಇಬ್ಬರೂ ಮುಜುಗರದಿಂದಲೇ ಓದಿದರು. ಸಭೆಯಲ್ಲಿ ಕೆಲವರು ನಕ್ಕರು, ಕೆಲವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗಲಿಲ್ಲ.

ಬರೆದವರನ್ನು ಯಾರೂ ಕೇಳಿರಲಿಲ್ಲ. ತನ್ನ ಸಾಲುಗಳು ಇಡೀ ಸಭೆಗೆ ನಗೆಚಾಟಿಕೆ ಆದದ್ದು ಅವರಿಗೆ ಆಮೇಲೆ ತಿಳಿಯಿತು, ನೋವಾಯಿತು. ದೊಡ್ಡ ಗಲಾಟೆಯೇ ಆಯಿತು.

ತಮಾಷೆ ಯಾರ ಮೇಲೆ ಅಂತ ನೋಡಿ. ನಟರಿಗೆ ಇರುಸುಮುರುಸು, ಬರೆದವರಿಗೆ ಅವಮಾನ. ನಗುವ ಹಕ್ಕು ಮಧ್ಯದಲ್ಲಿ ಮೈಕ್ ಹಿಡಿದವರಿಗೆ ಮಾತ್ರ. ಬರೆದವರು ಅದನ್ನು ತಮ್ಮಂಥ ನೂರಾರು ಓದುಗರಿಗೆ ಅಂತ ಬರೆದಿದ್ದರು. ಡೈರಿಯಲ್ಲಿ ಬರೆದದ್ದನ್ನು ಮದುವೆ ಮನೆಯ ಮೈಕಿನಲ್ಲಿ ಓದಿದರೆ ಹೇಗಿರುತ್ತೆ? ಅದಾದ ಮೇಲೆ ನಾನು ಇಂಥ ವೀಡಿಯೊ ಬಂದರೆ ನೋಡುವುದನ್ನೇ ಬಿಟ್ಟೆ. ನಟ ನಗುತ್ತಾ ಓದಿದರೂ ಸರಿಯೇ.

ನಮ್ಮ ಜೋಡಿ ಬಗ್ಗೆ ನಟರೇ ವೀಡಿಯೊ ಮಾಡಿದ್ದಾರೆ. ಖುಷಿಪಡಬಹುದಲ್ಲ?

ಪಡಿ. ಆದರೆ ವೀಡಿಯೊ ಕೊನೆಯಲ್ಲಿ ಏನು ಕೇಳುತ್ತಿದ್ದಾರೆ ಅಂತಲೂ ನೋಡಿ. 2012ರಲ್ಲಿ 'ಟೀನ್ ವುಲ್ಫ್' ಧಾರಾವಾಹಿಯ ಡಿಲನ್ ಓಬ್ರಯನ್ ಮತ್ತು ಟೈಲರ್ ಹೆಕ್ಲಿನ್ ಒಂದು ದೋಣಿಯಲ್ಲಿ ಒಬ್ಬರಿಗೊಬ್ಬರು ಒರಗಿಕೊಂಡು ವೀಡಿಯೊ ಮಾಡಿದರು. 'ನಾವು ಶಿಪ್ ಮೇಲಿದ್ದೇವೆ' ಅನ್ನುವ ಶ್ಲೇಷೆ ಬೇರೆ. ಅವರಿಬ್ಬರ ಪಾತ್ರಗಳ ಜೋಡಿಗೆ ಸ್ಟೆರೆಕ್ ಎಂದು ಹೆಸರು, ಭಾರಿ ದೊಡ್ಡ ಅಭಿಮಾನಿ ಬಳಗ. ವೀಡಿಯೊ ಇದ್ದದ್ದು ಒಂದು ಪ್ರಶಸ್ತಿಗೆ ವೋಟು ಹಾಕಿ ಅಂತ ಕೇಳಲು.

ನಾನು ಆ ವೀಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಇಬ್ಬರೂ ನಿಜಕ್ಕೂ ನಗುತ್ತಿದ್ದಾರೆ, ಅದರಲ್ಲಿ ಕಪಟ ಇಲ್ಲ. ಆದರೆ 2017ರಲ್ಲಿ ಧಾರಾವಾಹಿ ಮುಗಿಯುವವರೆಗೂ ಆ ಎರಡು ಪಾತ್ರಗಳ ನಡುವೆ ಪ್ರೀತಿಯ ಒಂದು ಮಾತೂ ಬರಲಿಲ್ಲ. ಆಸೆ ತೋರಿಸಿ ಕೈ ಎತ್ತಿದ ಹಾಗೆ ಅನಿಸಿದವರು ಬಹಳ ಜನ. ಇದಕ್ಕೆ ಫ್ಯಾನ್‌ಡಮ್‌ನಲ್ಲಿ, ಅಂದರೆ ಅಭಿಮಾನಿಗಳ ಲೋಕದಲ್ಲಿ, ಬೇಟಿಂಗ್ ಅನ್ನುತ್ತಾರೆ. ಗಾಳಕ್ಕೆ ಎರೆಹುಳು ಸಿಕ್ಕಿಸುವುದು ಅಂತ ಇಟ್ಟುಕೊಳ್ಳಿ. ಗಾಳ ಹಾಕುವುದು ಬಹುತೇಕ ಪ್ರಚಾರ ವಿಭಾಗ, ಬೈಸಿಕೊಳ್ಳುವುದು ನಟರು.

ನಟರು ನಮ್ಮ ಜೋಡಿಯನ್ನ ಗೇಲಿ ಮಾಡಿದ್ರು. ತುಂಬಾ ಬೇಜಾರಾಗಿದೆ.

ಆಗುತ್ತೆ. 2017ರ ಸ್ಯಾನ್ ಡಿಯಾಗೊದ ಅಭಿಮಾನಿ ಮೇಳ ಕಾಮಿಕ್-ಕಾನ್‌ನಲ್ಲಿ 'ಸೂಪರ್‌ಗರ್ಲ್' ತಂಡ ಸಂದರ್ಶನಕ್ಕೆ ಕೂತಿತ್ತು. ಕಾರಾ ಮತ್ತು ಲೀನಾ ಬರೀ ಗೆಳತಿಯರು, ಅವರು ಒಂದಾಗುವುದೇ ಇಲ್ಲ ಅಂತ ಜೆರೆಮಿ ಜಾರ್ಡನ್ ಹಾಡಿ ಕೂಗಿದರು. ಜೊತೆಯವರು ನಕ್ಕರು. ಆ ಜೋಡಿಯನ್ನು ಮೆಚ್ಚಿದ್ದವರಲ್ಲಿ ತಮ್ಮ ಮನೆಯಲ್ಲೂ ತಾವು ಯಾರು ಅಂತ ಹೇಳಿಕೊಳ್ಳಲಾಗದ ಹುಡುಗಿಯರು ಬಹಳ ಇದ್ದರು. ಅವರಿಗೆ ಅದು ತಮ್ಮ ಮೇಲೇ ನಕ್ಕಂತೆ ಕೇಳಿಸಿತು. ಜಾರ್ಡನ್ ಆಮೇಲೆ ಕ್ಷಮೆ ಕೇಳಿದರು.

ಕ್ಯಾನನ್ ಆಗಲ್ಲ ಅಂತ ಹೇಳುವುದು ತಪ್ಪಲ್ಲ. 'ಕಥೆ ಆ ಕಡೆ ಹೋಗ್ತಿಲ್ಲ, ಆದರೆ ನಿಮಗೆ ಅಲ್ಲಿ ಏನು ಕಾಣ್ತಿದೆ ಅಂತ ಅರ್ಥ ಆಗುತ್ತೆ' ಅಂದರೆ ಮುಗಿಯಿತು. ಹೇಳುವ ದನಿಯಲ್ಲೇ ಎಲ್ಲ ಇರುವುದು.

ಪಾತ್ರ ಬಿಡಿ, ನಿಜವಾದ ಇಬ್ಬರು ಕಲಾವಿದರನ್ನೇ ಜೋಡಿ ಮಾಡಿದರೆ?

ಈಗ ಬಂದಿರಿ ನೋಡಿ ಕಷ್ಟದ ಪ್ರಶ್ನೆಗೆ. ಪಾತ್ರಕ್ಕೆ ಮನೆ ಇಲ್ಲ, ಅಮ್ಮ ಇಲ್ಲ, ಬೆಳಿಗ್ಗೆ ಎದ್ದು ಫೋನ್ ನೋಡುವ ಚಟ ಇಲ್ಲ. ನಟನಿಗೆ ಎಲ್ಲವೂ ಇದೆ.

ಒನ್ ಡೈರೆಕ್ಷನ್ ಬ್ಯಾಂಡಿನ ಹ್ಯಾರಿ ಸ್ಟೈಲ್ಸ್ ಮತ್ತು ಲೂಯಿ ಟಾಮ್ಲಿನ್‌ಸನ್ ಗುಟ್ಟಾಗಿ ಪ್ರೀತಿಸುತ್ತಿದ್ದಾರೆ ಎಂದು ನಂಬಿದವರು ಲಕ್ಷಾಂತರ. ಜೋಡಿಗೆ ಲ್ಯಾರಿ ಅಂತ ಹೆಸರು. 2012ರಲ್ಲಿ ಲೂಯಿ ಟ್ವಿಟರ್‌ನಲ್ಲಿ ಬೈದೇ ಇದು ಶುದ್ಧ ಸುಳ್ಳು ಅಂದರು. 'ಬೈದಿದ್ದಾರೆ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ' ಅಂತ ಜನ ಅದನ್ನೂ ಸಾಕ್ಷಿ ಮಾಡಿಕೊಂಡರು. ಇಲ್ಲ ಅಂದರೂ ಹೌದು ಅಂತಲೇ ಲೆಕ್ಕ ಆದರೆ ಮನುಷ್ಯ ಏನು ಮಾಡಬೇಕು? ಇದರಿಂದ ತಮ್ಮಿಬ್ಬರ ನಡುವಿನ ಸಲಿಗೆಯೇ ಕಮ್ಮಿಯಾಯಿತು ಅಂತ ಲೂಯಿ 2017ರಲ್ಲಿ ಹೇಳಿದರು. ಪಕ್ಕದಲ್ಲಿ ಕೂತರೂ ಯಾರೋ ನೋಡುತ್ತಾರೆ, ನಕ್ಕರೂ ಯಾರೋ ಬರೆದುಕೊಳ್ಳುತ್ತಾರೆ. ಈ ಜೋಡಿಯನ್ನು ಪ್ರೀತಿಸಿದವರೇ ಇಬ್ಬರು ಗೆಳೆಯರನ್ನು ದೂರ ಕೂರಿಸಿದರು. 2019ರಲ್ಲಿ ಒಂದು ಟಿವಿ ಸರಣಿ ಇಂಥದ್ದೇ ಫ್ಯಾನ್ ಫಿಕ್ಷನ್ನಿನ ಕಾರ್ಟೂನ್ ದೃಶ್ಯ ತೋರಿಸಿತು. ನನ್ನನ್ನು ಯಾರೂ ಕೇಳಿಲ್ಲ, ನಾನು ಒಪ್ಪಿಗೆಯನ್ನೂ ಕೊಟ್ಟಿಲ್ಲ ಅಂತ ಲೂಯಿ ಮತ್ತೆ ಹೇಳಬೇಕಾಯಿತು.

ಫಿಫ್ತ್ ಹಾರ್ಮನಿ ತಂಡದ ಲಾರೆನ್ ಹೌರೆಗಿಯವರ ಕಷ್ಟ ಇನ್ನೂ ಬೇರೆ. ಅವರು ನಿಜಕ್ಕೂ ಬೈಸೆಕ್ಷುಯಲ್, 2016ರಲ್ಲಿ ಹೇಳಿಕೊಂಡರು. ಅದಕ್ಕೂ ಮುಂಚಿನಿಂದ ಅಭಿಮಾನಿಗಳು ಅವರನ್ನು ತಂಡದ ಗೆಳತಿ ಕಮಿಲಾ ಜೊತೆ ಜೋಡಿ ಮಾಡಿ ಬರೆಯುತ್ತಿದ್ದರು. ತನಗೇ ತನ್ನ ಬಗ್ಗೆ ಸ್ಪಷ್ಟ ಇಲ್ಲದ ವಯಸ್ಸಿನಲ್ಲಿ, ತಾನು ಗೆಳತಿಯ ಬೆನ್ನು ಬಿದ್ದವಳ ಥರ ಕಾಣುತ್ತಿದ್ದೇನೆ ಅಂತ ಬಹಳ ಹಿಂಸೆಯಾಗುತ್ತಿತ್ತು ಎಂದು ಮುಂದೆ ಹೇಳಿದ್ದಾರೆ. 'ಬೆಂಬಲ ಕೊಡ್ತಿದ್ದೀವಿ' ಅಂದುಕೊಂಡು ಬರೆದವರು ಇದನ್ನು ಒಮ್ಮೆ ಓದಬೇಕು.

'ಹಾರ್ಟ್‌ಸ್ಟಾಪರ್' ಸರಣಿಯ ಕಿಟ್ ಕಾನರ್ ಅಂತೂ 2022ರ ಅಕ್ಟೋಬರ್ 31ರಂದು, 18ನೇ ವಯಸ್ಸಿನಲ್ಲಿ, ಜನರ ಒತ್ತಾಯಕ್ಕೆ ತಾನು ಬೈಸೆಕ್ಷುಯಲ್ ಅಂತ ಬರೆಯಬೇಕಾಯಿತು. ಇಬ್ಬರು ಹುಡುಗರ ಪ್ರೇಮಕಥೆಯಾದ ಆ ಸರಣಿಯ ತಿರುಳನ್ನೇ ಕೆಲವರು ಮರೆತಂತಿದೆ ಅಂತಲೂ ಸೇರಿಸಿದರು. ನಾನು ಇದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ನಾನು ಆರ್‌ಪಿಎಫ್ ಬರೆಯುವುದಿಲ್ಲ. ಬರೆಯುವವರೆಲ್ಲ ಕೆಟ್ಟವರು ಅಂತಲೂ ಅನ್ನುವುದಿಲ್ಲ. ಕಥೆ ಅಂತ ಗೊತ್ತಿದ್ದು, ಬಾಗಿಲು ಹಾಕಿಕೊಂಡು ಬರೆದರೆ ಅದೊಂದು. ಕಥೆಯನ್ನು ಸತ್ಯ ಅಂತ ನಂಬಿ, ಅವರ ಪ್ರೇಯಸಿಯ ಫೋಟೋ ಕೆಳಗೆ ಹೋಗಿ ಬೈದರೆ ಅದು ಇನ್ನೊಂದು.

ಕೆಲವು ಕಡೆ ಕಂಪನಿಗಳೇ ಜೋಡಿ ಮಾಡ್ತಾವಂತಲ್ಲ?

ಹೌದು. ಥಾಯ್ಲೆಂಡಿನ ಬಿಎಲ್ (ಬಾಯ್ಸ್ ಲವ್, ಹುಡುಗರಿಬ್ಬರ ಪ್ರೇಮದ) ಧಾರಾವಾಹಿಗಳಲ್ಲಿ ಇಬ್ಬರು ನಟರನ್ನು ಜೋಡಿಯಾಗಿಯೇ ಬೆಳೆಸುತ್ತಾರೆ. ಅಲ್ಲಿ ಇದಕ್ಕೆ ಖೂಜಿನ್ ಅಂತ ಹೆಸರು, ಕಲ್ಪನೆಯ ಜೋಡಿ ಅಂತ. ಧಾರಾವಾಹಿ ಮುಗಿದರೂ ಜೋಡಿ ಮುಗಿಯಲ್ಲ. ಅಭಿಮಾನಿ ಸಭೆ, ಜಾಹೀರಾತು, ಪ್ರವಾಸ ಎಲ್ಲದಕ್ಕೂ ಒಟ್ಟಿಗೇ. ವೇದಿಕೆ ಮೇಲೆ ಒಬ್ಬರು ಇನ್ನೊಬ್ಬರ ಬೆವರು ಒರೆಸುತ್ತಾರೆ, ಸಭೆ ಕಿರುಚುತ್ತೆ. ಇದು ಫ್ಯಾನ್ ಸರ್ವೀಸ್, ಅವರ ಕೆಲಸದ ಭಾಗ. ಅದನ್ನು ಮೆಚ್ಚಿ, ಆದರೆ ಸಾಕ್ಷಿ ಅಂತ ತಿಳಿಯಬೇಡಿ.

ಕೊರಿಯಾದ ಪಾಪ್ ತಂಡಗಳ ಸುತ್ತ 1990ರ ದಶಕದಿಂದಲೇ ಫ್ಯಾನ್‌ಫಿಕ್ ಬೆಳೆದಿದೆ. ಅಲ್ಲೂ ಎಲ್ಲರೂ ಖುಷಿಯಾಗಿಲ್ಲ. 2021ರ ಜನವರಿಯಲ್ಲಿ, ನಿಜವಾದ ಗಾಯಕರ ಬಗ್ಗೆ ಲೈಂಗಿಕ ಕಥೆ ಬರೆಯುವವರನ್ನು ಶಿಕ್ಷಿಸಿ ಎಂದು ಸರ್ಕಾರಕ್ಕೆ ಹೋದ ಮನವಿಗೆ 2 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು.

ನಟರು ಒಂದು ಮಾತೂ ಆಡದೆ ತೊಂದರೆಗೆ ಸಿಕ್ಕಿದ್ದು ಇದೆಯಾ?

ಚೀನಾದ ಶಾವ್ ಝಾನ್. 2019ರ 'ದಿ ಅನ್‌ಟೇಮ್ಡ್' ಧಾರಾವಾಹಿಯಿಂದ ಅವರು ಮತ್ತು ವಾಂಗ್ ಯೀಬೊ ಮನೆಮಾತಾದರು. ಇಬ್ಬರನ್ನೂ ಇಟ್ಟುಕೊಂಡು ಯಾರೋ ಒಂದು ಕಥೆ ಬರೆದು ಎಒ3 ಎಂಬ ಆನ್‌ಲೈನ್ ಫ್ಯಾನ್ ಫಿಕ್ಷನ್ ಸಂಗ್ರಹದಲ್ಲಿ ಹಾಕಿದರು. ಶಾವ್ ಝಾನ್ ಅಭಿಮಾನಿಗಳಲ್ಲಿ ಕೆಲವರಿಗೆ ಅದು ಅವಮಾನ ಅನಿಸಿತು. 2020ರ ಫೆಬ್ರವರಿ 27ರಂದು ಗುಂಪು ಕಟ್ಟಿಕೊಂಡು ಅಧಿಕಾರಿಗಳಿಗೆ ದೂರು ಕೊಡಲು ಹೊರಟರು. ಎರಡು ದಿನದಲ್ಲಿ ಇಡೀ ಎಒ3 ಚೀನಾದಲ್ಲಿ ಬಂದ್. ಹಿಂದಿನ ವರ್ಷವಷ್ಟೇ ವೈಜ್ಞಾನಿಕ ಕಥಾಸಾಹಿತ್ಯದ ಹ್ಯೂಗೋ ಪ್ರಶಸ್ತಿ ಪಡೆದಿದ್ದ ಸಂಗ್ರಹ ಅದು. ಅಲ್ಲಿ ಬೇರೆ ಏನೇನೋ ಬರೆಯುತ್ತಿದ್ದವರೆಲ್ಲ ರೊಚ್ಚಿಗೆದ್ದು ಶಾವ್ ಝಾನ್ ಜಾಹೀರಾತು ಕೊಡುವ ಸಾಮಾನುಗಳನ್ನು ಬಹಿಷ್ಕರಿಸಿದರು. ಮಾರ್ಚ್ 1ರಂದು ಅವರ ಸ್ಟುಡಿಯೊ ಕ್ಷಮೆ ಕೇಳಿತು. ಕಥೆ ಅವರು ಬರೆದದ್ದಲ್ಲ, ದೂರು ಅವರು ಕೊಟ್ಟದ್ದಲ್ಲ.

ನನ್ನ ಕಥೆಯನ್ನ ನಟರಿಗೆ ಟ್ಯಾಗ್ ಮಾಡ್ಲಾ?

ಬೇಡ.

ಪ್ರಿಂಟ್ ಹಾಕಿಸಿ, ಚೆಂದದ ರಟ್ಟು ಕಟ್ಟಿ ಕೈಗೆ ಕೊಟ್ಟರೆ?

ಅದೂ ಬೇಡ. ಧಾರಾವಾಹಿ ಬರೆಯುವ ಲೇಖಕರಿಗಂತೂ ಕೊಡಲೇಬೇಡಿ. ಮುಂದೆ ಅವರ ಕಥೆ ನಿಮ್ಮದನ್ನು ಹೋಲಿದರೆ 'ಕದ್ದಿದ್ದಾರೆ' ಅನ್ನುವ ಮಾತು ಬರುತ್ತೆ, ಕೇಸೂ ಬೀಳಬಹುದು. ಅದಕ್ಕೇ ಅನೇಕ ಲೇಖಕರು ಓದುವುದಿಲ್ಲ. ಅದು ಜಂಬ ಅಲ್ಲ.

ಫ್ಯಾನ್ ಕನ್ವೆನ್ಶನ್‌ನಲ್ಲಿ ಮೈಕ್ ಸಿಕ್ಕಿದೆ. ಜೋಡಿ ಬಗ್ಗೆ ಕೇಳಬಹುದಾ?

ಕೇಳಬಹುದು, ಹೇಗೆ ಕೇಳುತ್ತೀರಿ ಅನ್ನುವುದು ಮುಖ್ಯ. ನನ್ನದೇ ಕಥೆ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಇಂಥದ್ದೇ ಸಾಲಿನಲ್ಲಿ ನಿಂತಿದ್ದೆ. ಕೈಯಲ್ಲಿ ಚೀಟಿ. 'ಇವರಿಬ್ಬರೂ ಪ್ರೇಮಿಗಳು ಅಂದುಕೊಂಡೇ ನಟಿಸಿದಿರಾ?' ಅಂತ ಬರೆದಿದ್ದೆ. ನನ್ನ ಮುಂದಿದ್ದ ಹುಡುಗಿ ಮೈಕ್ ತಗೊಂಡು ಇಬ್ಬರು ನಟರಿಗೂ 'ಒಂದ್ಸಲ ತಬ್ಬಿಕೊಳ್ಳಿ ಪ್ಲೀಸ್' ಅಂದಳು. ಒಬ್ಬರು ನಕ್ಕರು. ಇನ್ನೊಬ್ಬರು ನೀರಿನ ಬಾಟಲಿ ಎತ್ತಿಕೊಂಡರು. ಮುಚ್ಚಳ ತೆಗೆದರು. ಕುಡಿಯದೆ ಮತ್ತೆ ಮುಚ್ಚಿದರು. ನಿರೂಪಕರು 'ಮುಂದಿನ ಪ್ರಶ್ನೆ' ಅಂದರು.

ಮುಂದಿನ ಪ್ರಶ್ನೆ ನನ್ನದು. ಚೀಟಿ ಮುದುರಿ ಜೇಬಿಗೆ ಹಾಕಿದೆ. 'ಆಸ್ಪತ್ರೆ ದೃಶ್ಯದಲ್ಲಿ ಬಾಗಿಲ ತನಕ ಹೋಗಿ ಒಂದು ಸಲ ತಿರುಗಿ ನೋಡ್ತೀರಿ. ಅದು ಸ್ಕ್ರಿಪ್ಟಿನಲ್ಲಿ ಇತ್ತಾ?' ಅಂದೆ. ಬಾಟಲಿ ಹಿಡಿದಿದ್ದವರು ಅದನ್ನು ಕೆಳಗಿಟ್ಟರು. ಇರಲಿಲ್ಲ ಅಂದರು. 'ಹೊರಗೆ ಹೋಗುತ್ತಾನೆ' ಅಂತ ಮಾತ್ರ ಇತ್ತಂತೆ. ಮೂರು ಟೇಕ್ ಹಾಗೇ ಮಾಡಿದರಂತೆ. ನಾಲ್ಕನೆಯದರಲ್ಲಿ, ಇವನು ತಿರುಗಿ ನೋಡದೆ ಹೋಗುವವನಲ್ಲ ಅಂತ ಅನಿಸಿತಂತೆ. ಆಮೇಲೆ ಕೈಯಲ್ಲೇ ಬಾಗಿಲ ಚೌಕಟ್ಟು ತೋರಿಸುತ್ತಾ, ಎಲ್ಲಿ ನಿಂತೆ, ಯಾವ ಕಾಲು ಮೊದಲು ತಿರುಗಿತು ಅಂತೆಲ್ಲ ಹೇಳಿದರು. ಆ ಒಂದು ಉತ್ತರದಿಂದ ನಾನು ಮೂರು ಕಥೆ ಬರೆದೆ.

ಹಾಗಾಗಿ ದೃಶ್ಯದ ಬಗ್ಗೆ ಕೇಳಿ, ನಟನೆಯ ಬಗ್ಗೆ ಕೇಳಿ. ಅವರ ಮನೆ, ಮದುವೆ, ಜೊತೆ ನಟರ ಜೊತೆಗಿನ ಗೆಳೆತನ ಬೇಡ.

ನನ್ನ ಮೆಚ್ಚಿನ ನಟಿ ಇದುವರೆಗೂ ಏನೂ ಹೇಳಿಲ್ಲ. ಇಷ್ಟ ಇಲ್ಲ ಅಂತಾನಾ?

ಗೊತ್ತಿಲ್ಲ ಅಂತಲೂ ಇರಬಹುದು, ಗೊತ್ತಿದ್ದೂ ನಿಮ್ಮ ಜಾಗಕ್ಕೆ ಕಾಲಿಡಬಾರದು ಅಂತಲೂ ಇರಬಹುದು. ಎಷ್ಟೋ ಅಭಿಮಾನಿಗಳಿಗೆ ಬೇಕಿರುವುದೂ ಅದೇ. ನನ್ನ ಒಬ್ಬ ಗೆಳತಿ, ಬಹಳ ಚೆನ್ನಾಗಿ ಬರೆಯುತ್ತಿದ್ದವಳು, ನಾಯಕ ನಟ ಒಂದು ಸಂದರ್ಶನದಲ್ಲಿ ಅವಳು ಬರೆಯುತ್ತಿದ್ದ ಜೋಡಿಯ ಹೆಸರು ಎತ್ತಿದ ದಿನವೇ ಬರೆಯುವುದು ನಿಲ್ಲಿಸಿದಳು. ಅವನು ಒಳ್ಳೆಯ ಮಾತೇ ಆಡಿದ್ದ. 'ಈಗ ಟೈಪ್ ಮಾಡುವಾಗೆಲ್ಲ ಹಿಂದೆ ನಿಂತು ಅವನು ನೋಡ್ತಿರೋ ಥರ ಅನ್ಸುತ್ತೆ ಕಣೇ' ಅಂದಳು.

ಅವರ ಕಣ್ಣಿಗೆ ಬೀಳದ ಹಾಗೆ ಬರೆಯೋದು ಹೇಗೆ?

ಪೂರ್ತಿ ಆಗಲ್ಲ, ಸಾಕಷ್ಟು ಆಗುತ್ತೆ. ಎಒ3ನಲ್ಲಿ ಪ್ರತಿ ಕಥೆಗೂ ಬೀಗ ಹಾಕುವ ಆಯ್ಕೆ ಇದೆ. ಬೀಗ ಹಾಕಿದರೆ ಅಲ್ಲಿ ಖಾತೆ ಇರುವವರಿಗೆ ಮಾತ್ರ ಕಾಣುತ್ತೆ, ಹೊರಗಿನಿಂದ ಹುಡುಕಿದರೆ ಸಿಗಲ್ಲ. ಆರ್‌ಪಿಎಫ್ ಬರೆಯುವವರು ಇದನ್ನು ಮರೆಯಲೇಬಾರದು. ಫ್ಯಾನ್‌ಫಿಕ್ಷನ್ ಡಾಟ್ ನೆಟ್‌ನಲ್ಲಿ ನಿಜವಾದ ಕಲಾವಿದರ ಮೇಲಿನ ಕಥೆಗಳಿಗೆ ಅವಕಾಶವೇ ಇಲ್ಲ, ಅಲ್ಲಿ ಹಾಕಬೇಡಿ. ಪೋಸ್ಟ್ ಹಾಕುವಾಗ ನಟರ ಪೂರ್ತಿ ಹೆಸರು ಬರೆಯುವ ಬದಲು ಜೋಡಿ ಹೆಸರು ಬಳಸಿ. ಹೆಸರಿನ ಹಿಂದೆ ಹ್ಯಾಶ್‌ಟ್ಯಾಗ್ ಇದ್ದರೆ ತೆಗೆಯಿರಿ. ಬೀಗ ಬಿದ್ದಿದೆಯಾ ಅಂತ ನೋಡಲು ಲಾಗ್‌ಔಟ್ ಆಗಿ ನಿಮ್ಮ ಕಥೆಯನ್ನು ನೀವೇ ಒಮ್ಮೆ ಹುಡುಕಿ ನೋಡಿ.